ಪ್ರಾಸೆಸರ್ ಕೇಳುವ ಮುನ್ನ ಬೋರ್ಡ್ ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಿ ಕಡಿಮೆ ದುಡ್ಡಿನ ಕಂಪ್ಯೂಟರ್ ವ್ಯಾಪಾರ ಕುದುರುವುದು ಹೆಚ್ಚಾಗಿ ಒಂದು ಅಕ್ಷರ, ಒಂದು ಅಂಕಿಯ ಮೇಲೆ. "ಐ3 ಯಾಕೆ ಸಾರ್, ಅದೇ ರೇಟಿಗೆ ಐ7 ಕೊಡ್ತೀನಿ" ಎಂದರೆ ಸಾಕು, ಮಗಳ ಕಾಲೇಜಿಗೆಂದು ಕಂಪ್ಯೂಟರ್ ಹುಡುಕಿಕೊಂಡು ಬಂದ ಅಪ್ಪ ಅಲ್ಲೇ ಒಪ್ಪಿಬಿಡುತ್ತಾರೆ. ಆ ಐ7, 2011ರ ಜನವರಿಯಲ್ಲಿ ಬಂದ ಐ7-2600 ಆಗಿರಬಹುದು. ಬೇಡವೆಂದು ಬಿಟ್ಟ ಐ3, 2022ರ ಜನವರಿಯಲ್ಲಿ ಬಂದ ಐ3-12100 ಆಗಿರಬಹುದು. ಎರಡಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಒಂದೊಂದು ಕೋರ್ ಮಾಡುವ ಕೆಲಸ ಅಳೆದರೆ ಆ ಐ3 ಹಳೆಯ ಐ7ಗಿಂತ ಹೆಚ್ಚೂಕಡಿಮೆ ಇಮ್ಮಡಿ ಚುರುಕು. ಕರೆಂಟೂ ಕಡಿಮೆ ತಿನ್ನುತ್ತದೆ.

ಹೆಸರು ನೋಡಿ ಮರುಳಾಗುವುದು ಎಲ್ಲರೂ ಎಚ್ಚರಿಸುವ ತಪ್ಪು. ಅದಕ್ಕಿಂತ ದುಬಾರಿಯಾದ ತಪ್ಪು ಪ್ರಾಸೆಸರ್‌ನಿಂದ ಲೆಕ್ಕ ಶುರುಮಾಡುವುದು. ಇವತ್ತು ಹಾಕಿದ ದುಡ್ಡು ಎಷ್ಟು ವರ್ಷ ಬಾಳುತ್ತದೆ ಎಂಬುದು ಮದರ್‌ಬೋರ್ಡಿನ ಮೇಲಿದೆ. ಯಾವ ಪ್ರಾಸೆಸರ್ ಈಗ ಕೂರುತ್ತದೆ, ಮೂರು ವರ್ಷದ ಮೇಲೆ ಯಾವುದು ಕೂರಬಹುದು, ಯಾವ ಬಗೆಯ ರ‍್ಯಾಮ್ ಹಿಡಿಸುತ್ತದೆ, ಸ್ಲಾಟ್ ಎರಡೋ ನಾಲ್ಕೋ ಎಂಬುದೆಲ್ಲ ಬೋರ್ಡ್ ಕೊಂಡ ದಿನವೇ ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಕೊಟೇಶನ್ ಚೀಟಿಯ ಕೊನೆಯ ಸಾಲಿನಲ್ಲಿ, ಕಂಪನಿಯ ಹೆಸರೂ ಇಲ್ಲದೆ ಬರೆಯುವುದು ಅದನ್ನೇ.

ಕೊಳ್ಳುವ ಮಾತಿಗೆ ಮೊದಲು ಇರುವ ಯಂತ್ರದ ಮಾತು. ಕಂಪ್ಯೂಟರ್ ಸ್ಲೋ ಆಗಿದೆ ಎಂಬ ದೂರಿಗೆ ಪ್ರಾಸೆಸರೂ ರ‍್ಯಾಮೂ ಕಾರಣವಾಗಿರದ ಸಂದರ್ಭಗಳೇ ಬಹಳ. ತಿರುಗುವ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಹುಡುಕಿ ಕೊಡಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಕೊಡುತ್ತದೆ. ಪ್ರಾಸೆಸರ್ ಎಷ್ಟೇ ಹೊಸದಿರಲಿ, ಡಿಸ್ಕ್ ಫೈಲು ತಂದುಕೊಡುವ ತನಕ ಕಾಯುತ್ತ ಕೂತಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರನ್ನು ಒಂದು ದಿನ ಕೆಲಸದ ನಡುವೆ ಆಗಾಗ ನೋಡಿ. ಡಿಸ್ಕ್ 100 ಶೇಕಡಾ ತೋರಿಸುತ್ತ ಪ್ರಾಸೆಸರ್ 15ರಲ್ಲಿ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ಬೇರೇನೂ ಬೇಡ. ಮೆಮೊರಿ 90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲದು. ಹಾಗೆ ಸಾಲದಾದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಆಗ ಡಿಸ್ಕೂ ಏರುತ್ತದೆ, ಎರಡು ರೋಗ ಒಂದರಂತೆ ಕಾಣುತ್ತವೆ. ಎರಡೂ ಆರಾಮವಾಗಿದ್ದು ಪ್ರಾಸೆಸರ್ ಒಂದೇ ತುದಿ ಮುಟ್ಟಿದ್ದರೆ ಮಾತ್ರ ಅದರ ಕಡೆ ತಿರುಗಬೇಕು. ಆಗಲೂ ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ಹೊಡೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ ನೋಡುವುದು ಒಳ್ಳೆಯದು. ಕಾದ ಪ್ರಾಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದು ಹಾಳಾಗಿರುವುದಿಲ್ಲ, ಉಸಿರಾಡಲು ಜಾಗ ಸಿಕ್ಕಿರುವುದಿಲ್ಲ ಅಷ್ಟೆ.

ಕೋರ್ ಹೆಚ್ಚಿದಷ್ಟೂ ವೇಗ ಎಂಬ ನಂಬಿಕೆಯನ್ನು ಜೀನ್ ಆಮ್ಡಾಲ್ 1967ರಲ್ಲೇ ಪ್ರಶ್ನಿಸಿದ್ದರು. ಒಂದು ಕೆಲಸದಲ್ಲಿ ಅರ್ಧ ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಾದದ್ದು ಎಂದಾದರೆ, ಉಳಿದರ್ಧಕ್ಕೆ ಸಾವಿರ ಕೋರ್ ಹಚ್ಚಿದರೂ ಒಟ್ಟು ವೇಗ ಎರಡು ಪಟ್ಟು ಮೀರದು. ಇದು ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಸ್ಮರಣಸಂಚಿಕೆಗಳೆಲ್ಲ ಬಹುಕಾಲ ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸದಲ್ಲಿ, ಪೇಜ್‌ಮೇಕರ್‌ನಲ್ಲಿ ತಯಾರಾಗಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಮನೆಯ ಕಂಪ್ಯೂಟರಿಗೆ ಒಂದೇ ಕೋರ್ ಇದ್ದ ಕಾಲ ಅದು. ಈ ಅಂಗಡಿಯವರಿಗೆ ಎಂಟು ಕೋರಿನ ಪ್ರಾಸೆಸರ್ ಮಾರುವುದೆಂದರೆ ಏಳು ಕೋರುಗಳನ್ನು ಸುಮ್ಮನೆ ಕೂರಿಸಿದಂತೆ. ಅದೇ ಬೀದಿಯ ಸ್ಟುಡಿಯೋದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಆ ಎಂಟೂ ದುಡಿದು ಕೊಡುತ್ತವೆ, ಇನ್ನೂ ನಾಲ್ಕಿದ್ದರೂ ಬೇಡವೆನ್ನುವುದಿಲ್ಲ.

ಪ್ರಾಸೆಸರ್‌ಗಳ ಹೆಸರು ಓದುವ ಕ್ರಮವನ್ನು ಬೇಗ ಮುಗಿಸಿಬಿಡೋಣ. ಇಂಟೆಲ್‌ನ ಐ ಸರಣಿಯಲ್ಲಿ ಗೆರೆಯ ಮುಂದಿನ ಮೊದಲ ಒಂದೆರಡು ಅಂಕಿ ತಲೆಮಾರನ್ನು ಹೇಳುತ್ತವೆ: 2600 ಎರಡನೆಯದು, 8400 ಎಂಟನೆಯದು, 12400 ಹನ್ನೆರಡನೆಯದು. ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದಿದ್ದರೆ ಪರದೆಯ ಮೇಲೆ ಏನೂ ಮೂಡದು. ಸ್ವಲ್ಪ ದುಡ್ಡು ಉಳಿಸಲು ಎಫ್ ಕೊಂಡು, ಆಮೇಲೆ ಕಾರ್ಡಿಗೆ ಸಾವಿರಗಟ್ಟಲೆ ಸುರಿದವರಿಗೆ ಕೊರತೆಯಿಲ್ಲ. ಐ3-ಎನ್305 ಎಂಬುದೂ ಐ3ಯೇ, ಆದರೆ ಅದರಲ್ಲಿರುವ ಎಂಟೂ ವಿದ್ಯುತ್ ಉಳಿಸುವ ಚಿಕ್ಕ ಕೋರುಗಳು. ಎಎಮ್‌ಡಿ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಚಾಲಾಕಿ ಇದೆ. 7520ಯು ಮತ್ತು 7540ಯು ಎಂಬ ಎರಡು ರೈಜನ್ 5ಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ತಾಯಿಯ ಮಕ್ಕಳೆನಿಸುತ್ತವೆ. ನಿಜ ಹೇಳುವುದು ಮೂರನೆಯ ಅಂಕಿ. 2 ಎಂದಿದ್ದರೆ 2019ರ ಝೆನ್ 2 ವಿನ್ಯಾಸ, 4 ಎಂದಿದ್ದರೆ 2022ರ ಝೆನ್ 4. ಮೊದಲ ಅಂಕಿ ಮಾರಾಟ ವಿಭಾಗದವರದ್ದು.

ಈಗ ಬೋರ್ಡಿನ ಕತೆ. 2017ರ ಜನವರಿಯಲ್ಲಿ ಇಂಟೆಲ್ ಏಳನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರಾಸೆಸರ್‌ಗಳನ್ನೂ ಅವಕ್ಕೆಂದು ಝಡ್270, ಬಿ250 ಬೋರ್ಡುಗಳನ್ನೂ ತಂದಿತು. ಅದರ ಸಾಕೆಟ್ ಎಲ್‌ಜಿಎ 1151, ಅಂದರೆ 1151 ಪಿನ್ನುಗಳದು. ಅದೇ ಅಕ್ಟೋಬರ್‌ನಲ್ಲಿ ಎಂಟನೆಯ ತಲೆಮಾರು ಬಂತು. ಹತ್ತು ವರ್ಷಗಳಿಂದ ನಾಲ್ಕು ಕೋರಿಗೇ ನಿಂತಿದ್ದ ಸಾಮಾನ್ಯ ಡೆಸ್ಕ್‌ಟಾಪಿಗೆ ಇಂಟೆಲ್ ಮೊದಲ ಬಾರಿ ಆರು ಕೋರ್ ಕೊಟ್ಟಿತು. ಸಾಕೆಟ್ಟಿನ ಅಳತೆಯೂ ಪಿನ್ನಿನ ಲೆಕ್ಕವೂ ಅದೇ 1151, ಪ್ರಾಸೆಸರ್ ಸಲೀಸಾಗಿ ಕೂರುತ್ತದೆ, ಆದರೆ ಹಳೆಯ ಬೋರ್ಡಿನಲ್ಲಿ ಏಳುವುದಿಲ್ಲ. ಒಂಬತ್ತು ತಿಂಗಳ ಹಿಂದೆ ಅತ್ಯಂತ ದುಬಾರಿ ಬೋರ್ಡ್ ಕೊಂಡವರಿಗೂ ಮುಂದಿನ ದಾರಿ ಅಲ್ಲಿಗೆ ಮುಚ್ಚಿತು. ಆಮೇಲೆ 2020ರಲ್ಲಿ ಎಲ್‌ಜಿಎ 1200, 2021ರಲ್ಲಿ ಎಲ್‌ಜಿಎ 1700, 2024ರಲ್ಲಿ ಎಲ್‌ಜಿಎ 1851. ಒಂದರಿಂದ ಮೂರು ವರ್ಷಕ್ಕೊಂದು ಹೊಸ ಸಾಕೆಟ್, ಹೊಸ ಬೋರ್ಡ್.

ಅದೇ 2017ರ ಮಾರ್ಚ್‌ನಲ್ಲಿ ಎಎಮ್‌ಡಿ ಮೊದಲ ರೈಜನ್‌ಗಳನ್ನು ಎಎಂ4 ಸಾಕೆಟ್ಟಿನ ಮೇಲೆ ಬಿಟ್ಟಿತು. ಆ ವರ್ಷ ಕೈಯಲ್ಲಿ ದುಡ್ಡು ಕಮ್ಮಿಯಿದ್ದು ಬಿ350 ಬೋರ್ಡಿಗೆ ನಾಲ್ಕು ಕೋರಿನ ರೈಜನ್ 3 1200 ಹಾಕಿಸಿದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಐದು ವರ್ಷ ಕಳೆದು ಕೆಲಸ ಸಿಕ್ಕಮೇಲೆ ಆತ ಅದೇ ಬೋರ್ಡಿನಲ್ಲಿ, ಅದೇ ರ‍್ಯಾಮ್‌ನೊಂದಿಗೆ, ಬಯಾಸ್ ಒಂದನ್ನು ಅಪ್‌ಡೇಟ್ ಮಾಡಿ, 2022ರ ಏಪ್ರಿಲ್‌ನಲ್ಲಿ ಬಂದ ಆರು ಕೋರಿನ ರೈಜನ್ 5 5600 ಕೂರಿಸಬಹುದಿತ್ತು. ದೊಡ್ಡ ಕ್ಯಾಶ್ (ಪ್ರಾಸೆಸರ್ ಒಳಗಿನ ಚುರುಕು ಮೆಮೊರಿ) ಹೊತ್ತು ಅದೇ ತಿಂಗಳು ಬಂದ ಎಂಟು ಕೋರಿನ 5800ಎಕ್ಸ್3ಡಿಯನ್ನೂ ಕೂರಿಸಬಹುದಿತ್ತು. ಇದನ್ನು ಎಎಮ್‌ಡಿಯ ಔದಾರ್ಯ ಎಂದು ಹೊಗಳಬೇಕಿಲ್ಲ. 2020ರ ಮೇ ತಿಂಗಳಲ್ಲಿ ಆ ಕಂಪನಿ, ಮುಂದಿನ ರೈಜನ್‌ಗಳು ಬಿ450 ಬೋರ್ಡಿಗೂ ನಡೆಯುವುದಿಲ್ಲ ಎಂದು ಘೋಷಿಸಿತ್ತು. ಗ್ರಾಹಕರು ತಿರುಗಿಬಿದ್ದ ಮೇಲೆ ಮಾತು ಬದಲಿಸಿತು. ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೆ ಒಪ್ಪಿಗೆ ಸಿಗಲು 2022 ಆಗಬೇಕಾಯಿತು. ಅಷ್ಟರಲ್ಲಿ ಇಂಟೆಲ್‌ನ ಹನ್ನೆರಡನೆಯ ತಲೆಮಾರು ಅಗ್ಗದ ಮಾರುಕಟ್ಟೆಯಲ್ಲಿ ಎಎಮ್‌ಡಿಗೆ ಬೆವರಿಳಿಸುತ್ತಿತ್ತು ಎನ್ನುವುದನ್ನೂ ನೆನಪಿಡಬೇಕು.

ಹಳೆಯ ಎಎಂ4 ಬೋರ್ಡ್ ಇರುವವರಿಗೆ ಇವತ್ತಿಗೂ ಪ್ರಾಸೆಸರ್ ಬದಲಿಸುವುದೇ ಅತಿ ಕಡಿಮೆ ಖರ್ಚಿನ ದಾರಿ. ಆದರೆ ಕೆಲಸದ ಕ್ರಮ ತಪ್ಪಬಾರದು. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಯಾವ ಪ್ರಾಸೆಸರ್ ಯಾವ ಬಯಾಸ್‌ನಿಂದ ನಡೆಯುತ್ತದೆ ಎಂಬ ಪಟ್ಟಿ ಇರುತ್ತದೆ. ಅಂಗಡಿಯವರ ಬಾಯಿಮಾತಿಗಿಂತ ಆ ಪಟ್ಟಿ ಮೇಲು. ಹಳೆಯ ಪ್ರಾಸೆಸರ್ ಬೋರ್ಡಿನ ಮೇಲೆ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕು, ಕಿತ್ತ ಮೇಲೆ ನೆನಪಾದರೆ ಕಪ್ಪು ಪರದೆಯೇ ಗತಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಅಪ್‌ಡೇಟ್ ಅರ್ಧವಾದಾಗ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಎಎಂ4ರಲ್ಲಿ ಪಿನ್ನುಗಳಿರುವುದು ಪ್ರಾಸೆಸರ್‌ನ ಹೊಟ್ಟೆಯ ಕಡೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ಕೂಲರ್ ಎತ್ತಿದಾಗ ಪ್ರಾಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಬರುವುದುಂಟು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ಎಡಬಲ ತಿರುಚಿ ಎತ್ತಿದರೆ ಪಿನ್ನು ಉಳಿಯುತ್ತವೆ. ಇನ್ನೊಂದು ಮಾತು: ಎ320ರಂಥ ಅಗ್ಗದ ಬೋರ್ಡಿನ ಮೇಲೆ 16 ಕೋರಿನ ಪ್ರಾಸೆಸರ್ ಏಳಬಹುದು, ಆದರೆ ಅದಕ್ಕೆ ವಿದ್ಯುತ್ ಒದಗಿಸುವ ಭಾಗಗಳು ಬೆಂದುಹೋಗುತ್ತವೆ. ಆರು ಕೋರಿಗೆ ತೃಪ್ತಿಪಡುವುದು ಲೇಸು.

ಹೊಸದಾಗಿ ಕಟ್ಟಿಸುವವರಿಗೆ ಲೆಕ್ಕ ಬೇರೆ. ಎಎಂ4 ತನ್ನ ಆಯುಸ್ಸಿನ ಕೊನೆಗೆ ಬಂದಿದೆ, ಎಲ್‌ಜಿಎ 1700 ಕೂಡ 14ನೆಯ ತಲೆಮಾರಿಗೆ ಮುಗಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಮ್‌ಡಿ ಹೇಳಿದೆ. ಮುಂದೆ ಪ್ರಾಸೆಸರ್ ಬದಲಿಸುವ ಇರಾದೆ ನಿಜವಾಗಿಯೂ ಇದ್ದರೆ ಇದೇ ದಾರಿ. ಕೈಗೆಟಕುವ ಬಿ650 ಬೋರ್ಡಿನ ಮೇಲೆ ರೈಜನ್ 5 7600ರಂಥದ್ದರಿಂದ ಶುರುಮಾಡಿದರೆ ಮೇಲೇರಲು ಮೆಟ್ಟಿಲುಗಳಿವೆ. ಆದರೆ ನಾವೇ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ, ಪ್ರಾಸೆಸರ್ ಬದಲಿಸುವವರು ಎಷ್ಟು ಮಂದಿ? ಹೆಚ್ಚಿನ ಮನೆಗಳಲ್ಲಿ ಕಂಪ್ಯೂಟರ್ ಏಳೆಂಟು ವರ್ಷ ಇದ್ದ ಹಾಗೇ ಓಡಿ, ಆಮೇಲೆ ಪೂರ್ತಿಯಾಗಿ ಬದಲಾಗುತ್ತದೆ. ಅಂಥವರಿಗೆ ಮುಂದಿನ ದಾರಿಯ ಬೆಲೆ ಕಟ್ಟುವುದು ವ್ಯರ್ಥ. ಆರು ಕೋರಿನ ಐ5-12400 ಅಥವಾ ರೈಜನ್ 5 5600ಜಿ ಹಾಕಿಸಿ, ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೂ ಮಾನಿಟರಿಗೂ ಹಾಕಿದರೆ ನಾನು ತಪ್ಪೆನ್ನುವುದಿಲ್ಲ. ಬಳಸಿದ 13 ಅಥವಾ 14ನೆಯ ತಲೆಮಾರಿನ ಐ7, ಐ9 ಅಗ್ಗಕ್ಕೆ ಸಿಕ್ಕರೆ ಮಾತ್ರ ಹುಷಾರು. ಹೆಚ್ಚಿನ ವೋಲ್ಟೇಜಿನಿಂದ ಒಳಗೇ ಸವೆದು ಕಂಪ್ಯೂಟರ್ ಪದೇಪದೇ ಕುಸಿಯುವ ತೊಂದರೆ ಅವುಗಳಲ್ಲಿತ್ತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಮೈಕ್ರೋಕೋಡ್ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹಿಗ್ಗಿಸಿತು. ಮೈಕ್ರೋಕೋಡ್ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದದ್ದನ್ನು ತುಂಬಿಕೊಡುವುದಿಲ್ಲ.

ರ‍್ಯಾಮ್‌ನ ವಿಷಯದಲ್ಲಿ ಜನ ಕೇಳುವುದು ಎಷ್ಟು ಜಿಬಿ ಎಂದು. ಅದಕ್ಕೆ ಉತ್ತರ ಸುಲಭ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ 4 ಜಿಬಿ. ಅಷ್ಟರಲ್ಲಿ ಕಂಪ್ಯೂಟರ್ ಆನ್ ಆಗುತ್ತದೆ ಎಂದಷ್ಟೇ ಅದರ ಅರ್ಥ. 8 ಜಿಬಿಯಲ್ಲಿ ಬ್ರೌಸರಿನ ಹತ್ತಾರು ಟ್ಯಾಬ್, ಒಂದು ವಿಡಿಯೊ ಮೀಟಿಂಗ್ ತೆರೆದರೆ ಏದುಸಿರು ಬರುತ್ತದೆ. 16 ಸಾಮಾನ್ಯ ಮನೆಗೂ ಕಚೇರಿಗೂ ಸಾಕು. ವಿಡಿಯೊ ಎಡಿಟಿಂಗ್ ಮಾಡುವವರು, ವರ್ಚುವಲ್ ಮೆಷೀನ್ ಓಡಿಸುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು 32 ನೋಡಲಿ.

ಜನ ಕೇಳದೆ ಬಿಡುವುದು ಎಷ್ಟು ಸ್ಟಿಕ್ ಎಂಬುದನ್ನು. ಪ್ರಾಸೆಸರ್‌ನಿಂದ ರ‍್ಯಾಮ್‌ಗೆ ಸಾಮಾನ್ಯವಾಗಿ ಎರಡು ಚಾನೆಲ್ ಇರುತ್ತವೆ. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಚಾನೆಲ್ಲಿಗೆ ಒಂದೊಂದು ಹಾಕಿದರೆ 51.2. ಕೆರೆ ಎಷ್ಟೇ ತುಂಬಿದ್ದರೂ ಗದ್ದೆಗೆ ಬರುವ ನೀರು ತೂಬಿನ ಅಳತೆಯದ್ದೇ. 16 ಜಿಬಿಯ ಒಂದು ಸ್ಟಿಕ್ ಹಾಕಿಸಿಕೊಂಡವರು ಒಂದು ತೂಬನ್ನು ಮುಚ್ಚಿಟ್ಟಂತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಇದರ ಪೆಟ್ಟು ಕಣ್ಣಿಗೆ ಕಾಣುತ್ತದೆ, ಏಕೆಂದರೆ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ರ‍್ಯಾಮನ್ನೇ ನಂಬಿದೆ. 5600ಜಿಯಂಥ ಪ್ರಾಸೆಸರ್ ಕೊಂಡು ಒಂದೇ ಸ್ಟಿಕ್ ಹಾಕುವುದು ಅದರ ಅರ್ಧ ಗುಣವನ್ನು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿದೆ, ಯಾವ ವೇಗದಲ್ಲಿ ಓಡುತ್ತಿದೆ ಎರಡೂ ಕಾಣುತ್ತವೆ. ಪೊಟ್ಟಣದ ಮೇಲೆ 3600 ಎಂದು ಬರೆದಿದ್ದು ಅಲ್ಲಿ 2133 ಅಥವಾ 2666 ಕಂಡರೆ ಗಾಬರಿ ಬೇಡ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಯಾರೂ ಆನ್ ಮಾಡಿಲ್ಲ ಅಷ್ಟೆ. ದುಡ್ಡು ಕೊಟ್ಟ ವೇಗವನ್ನು ವರ್ಷಗಟ್ಟಲೆ ಬಳಸದವರು ಬಹಳ.

ವೇಗದ ಹಿಂದೆ ಓಡುವುದಕ್ಕೂ ಮಿತಿ ಇದೆ. ಡಿಡಿಆರ್3-1600 ಸಿಎಲ್8, ಡಿಡಿಆರ್4-3200 ಸಿಎಲ್16, ಡಿಡಿಆರ್5-6000 ಸಿಎಲ್30 ಈ ಮೂರರಲ್ಲೂ ಕೇಳಿದ ಮಾಹಿತಿಯ ಮೊದಲ ತುಣುಕು ಹೊರಡಲು ಹಿಡಿಯುವ ಕಾಯುವಿಕೆ (ಸಿಎಲ್ ಅಂಕಿ ಸೂಚಿಸುವುದು ಇದನ್ನೇ) ಲೆಕ್ಕಕ್ಕೆ ಒಂದೇ: 10 ನ್ಯಾನೋಸೆಕೆಂಡ್. ಮೂರು ತಲೆಮಾರಿನಲ್ಲಿ ಸಾಗಣೆ ಹೆಚ್ಚಿದೆ, ಕಾಯುವಿಕೆ ಹಾಗೇ ಇದೆ. ಪ್ರಾಸೆಸರ್ ತಯಾರಕರು ಕ್ಯಾಶ್ ಹೆಚ್ಚಿಸುತ್ತಲೇ ಹೋಗುವುದಕ್ಕೆ ಇದೇ ಕಾರಣ. ರೈಜನ್ 5 5600ಕ್ಕೆ 32 ಎಂಬಿ ಎಲ್3 ಕ್ಯಾಶ್, ಹೆಸರಿನಲ್ಲಿ ಒಂದಕ್ಷರ ಮಾತ್ರ ಹೆಚ್ಚಿರುವ 5600ಜಿಗೆ 16. ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವವರಿಗೆ ಮೊದಲನೆಯದು, ಕಾರ್ಡೇ ಬೇಡದವರಿಗೆ ಎರಡನೆಯದು.

ತಲೆಮಾರು ಬೆರೆಸಲು ಬಾರದು. ಡಿಡಿಆರ್3, 4, 5ರ ಸ್ಟಿಕ್‌ಗಳಲ್ಲಿ ಕಚ್ಚು ಬೇರೆಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಿದರೆ ಸ್ಲಾಟ್ ಮುರಿಯುತ್ತದೆ. ಇಂಟೆಲ್‌ನ 12ರಿಂದ 14ನೆಯ ತಲೆಮಾರು ಡಿಡಿಆರ್4, ಡಿಡಿಆರ್5 ಎರಡಕ್ಕೂ ಒಗ್ಗುತ್ತದೆ, ಆದರೆ ಒಂದು ಬೋರ್ಡಿಗೆ ಸಾಮಾನ್ಯವಾಗಿ ಒಂದೇ. ಎಎಂ5ಕ್ಕೆ ಡಿಡಿಆರ್5 ಮಾತ್ರ. ಈಗ ಎರಡು ಹಾಕಿ ಮುಂದೆ ಇನ್ನೆರಡು ಸೇರಿಸುತ್ತೇನೆ ಎಂಬ ನಮ್ಮ ಹಳೆಯ ಯೋಜನೆ ಡಿಡಿಆರ್4ರ ಕಾಲದಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಎಎಂ5 ಪ್ರಾಸೆಸರ್‌ಗಳಿಗೆ ಎಎಮ್‌ಡಿ ಕೊಡುವ ಅಧಿಕೃತ ಭರವಸೆ 3600ಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ ಬೇಕಾದಷ್ಟನ್ನು ಎರಡೇ ಸ್ಟಿಕ್ಕಿನಲ್ಲಿ ಯೋಚಿಸಬೇಕು. ಹೊಸ ಡಿಡಿಆರ್5 ಹಾಕಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗೇ ಇರುವುದೂ ಸಹಜ. ಬೋರ್ಡ್ ಆಗ ರ‍್ಯಾಮ್‌ನ ಹದ ನೋಡುತ್ತಿರುತ್ತದೆ. ಕೆಟ್ಟಿತೆಂದು ಸ್ವಿಚ್ ಆರಿಸಿಬಿಡಬೇಡಿ.

ಇನ್ನು ಸೆಕೆಂಡ್ ಹ್ಯಾಂಡ್ ಸರಕು. ಬೆಂಗಳೂರಿಗೆ ಇಲ್ಲೊಂದು ಅನುಕೂಲವಿದೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬರುತ್ತವೆ. ಗಟ್ಟಿ ಯಂತ್ರಗಳು. ತೊಡಕೆಂದರೆ ಅವುಗಳ ಎಸ್‌ಎಂಪಿಎಸ್ ಕನೆಕ್ಟರು, ಬೋರ್ಡಿನ ಆಕಾರ ಹಲವು ಮಾದರಿಗಳಲ್ಲಿ ಆಯಾ ಕಂಪನಿಯದೇ ಆಗಿದ್ದು ಹೊರಗಿನ ಭಾಗ ಹೊಂದುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ, ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ, ಇಂಟೆಲ್ ಎಂಟನೆಯ ತಲೆಮಾರು ಅಥವಾ ರೈಜನ್ 2000 ಸರಣಿಯಿಂದ ಈಚಿನದು, ಜೊತೆಗೆ ಟಿಪಿಎಂ 2.0 ಬೇಕು. ಐ7-7700 ಅನರ್ಹ, ಅದಕ್ಕಿಂತ ಒಂದು ವರ್ಷವೂ ಚಿಕ್ಕದಲ್ಲದ ಐ3-8100 ಅರ್ಹ. ಹೀಗೆ ಗೆರೆಯ ಆಚೆ ಬಿದ್ದ ಆರು, ಏಳನೆಯ ತಲೆಮಾರಿನ ಯಂತ್ರಗಳು ಅಗ್ಗವಾಗಿವೆ, ಲಿನಕ್ಸ್ ಬಳಸಬಲ್ಲವರಿಗೆ ಅವು ಒಳ್ಳೆಯ ಖರೀದಿ. ಕನ್ನಡ ಟೈಪಿಂಗಿಗೆ ನುಡಿಯವರದೇ ಕೆಜಿಪಿ ವಿನ್ಯಾಸ ಅಲ್ಲೂ ಸಿಗುತ್ತದೆ. ವಿಂಡೋಸ್ ಬೇಕೇ ಬೇಕು ಎನ್ನುವವರು ಎಂಟರಿಂದ ಕೆಳಗೆ ಇಳಿಯಬಾರದು, ಎಷ್ಟೇ ಅಗ್ಗವಿರಲಿ.

ಬಳಸಿದ ಪ್ರಾಸೆಸರ್ ಕೊಳ್ಳಲು ನನಗೆ ಅಂಜಿಕೆಯಿಲ್ಲ. ಪಿನ್ನು ನೆಟ್ಟಗಿದ್ದರೆ, ಮೇಲೆ ಹೇಳಿದ ಎರಡು ತಲೆಮಾರು ಬಿಟ್ಟರೆ, ಅದು ಕೆಡುವುದು ಅಪರೂಪ. ಬಳಸಿದ ರ‍್ಯಾಮನ್ನು ಮೆಮ್‌ಟೆಸ್ಟ್86 ಹಾಕಿ ಒಂದು ರಾತ್ರಿ ಓಡಿಸಿ ಒಂದೂ ತಪ್ಪು ಬರದಿದ್ದರೆ ಇಟ್ಟುಕೊಳ್ಳಬಹುದು. ಬಳಸಿದ ಬೋರ್ಡ್ ಜೂಜು. ಬಳಸಿದ ಎಸ್‌ಎಂಪಿಎಸ್ ಪುಕ್ಕಟೆ ಕೊಟ್ಟರೂ ಬೇಡ. ಹೊಸದು ಕೊಳ್ಳುವಾಗ 18 ಶೇಕಡಾ ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ ಬಿಟ್ಟರೆ, ಬಾಕ್ಸ್ ಪ್ರಾಸೆಸರ್‌ಗೆ ಸಿಗುವ ಮೂರು ವರ್ಷದ ವಾರಂಟಿಗೆ ಮುಂದೆ ದಾಖಲೆಯೇ ಇರುವುದಿಲ್ಲ.

ಲ್ಯಾಪ್‌ಟಾಪಿನ ಬಗ್ಗೆ ಹೇಳಬೇಕಾದ್ದು ಕಡಿಮೆ, ಏಕೆಂದರೆ ಮಾಡಬಹುದಾದ್ದೇ ಕಡಿಮೆ. ಇಂಟೆಲ್ ನಾಲ್ಕನೆಯ ತಲೆಮಾರಿನ ಬಳಿಕ ಪ್ರಾಸೆಸರ್ ಬೋರ್ಡಿಗೆ ಬೆಸುಗೆಯಾಗಿದೆ. ತೆಳು ಮಾದರಿಗಳಲ್ಲಿ ರ‍್ಯಾಮ್ ಕೂಡ ಹಾಗೇ, ಕೊಂಡ ದಿನದ ಅಳತೆಯೇ ಕೊನೆಯ ಅಳತೆ. 8 ಜಿಬಿ ಬೆಸುಗೆಯಾದ ಲ್ಯಾಪ್‌ಟಾಪ್ ಎಷ್ಟೇ ರಿಯಾಯಿತಿಯಲ್ಲಿದ್ದರೂ ಬಿಟ್ಟುಬಿಡಿ. ಒಂದಾದರೂ ಖಾಲಿ ಸ್ಲಾಟ್ ಇದೆಯೇ ಎಂದು ಮಾದರಿಯ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ನೋಡಿ.

ಈ ಎಲ್ಲ ಲೆಕ್ಕವನ್ನೂ ಬುಡಮೇಲು ಮಾಡುವ ಶಕ್ತಿ ರ‍್ಯಾಮ್ ಬೆಲೆಗಿದೆ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪುಗಳನ್ನು ತಯಾರಿಸುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವೂಶಿಯಲ್ಲಿ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು ಬೆಲೆ ಜಿಗಿದಿತ್ತು. 2017-18ರಲ್ಲಿ ಮತ್ತೆ ಏರಿ, 2023ರಲ್ಲಿ ನೆಲಕಚ್ಚಿತ್ತು. 2025ರಲ್ಲಿ ಮೊದಲು ಡಿಡಿಆರ್4 ಉತ್ಪಾದನೆ ಇಳಿಸಿದ್ದರಿಂದ ಹಳೆಯ ರ‍್ಯಾಮ್ ದುಬಾರಿಯಾಯಿತು. ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಡಿಡಿಆರ್5 ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ಮೀರಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್, ಮನೆಬಳಕೆಯವರಿಗೆಂದು ನಡೆಸುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಇಂಥ ಏರಿಕೆಯ ಹೊತ್ತಿನಲ್ಲಿ ಹೊಸ ಎಎಂ5 ಯಂತ್ರಕ್ಕೆ ರ‍್ಯಾಮ್‌ನ ಖರ್ಚು ಪ್ರಾಸೆಸರ್‌ನದಕ್ಕೆ ಸಮನಾಗಿ ನಿಂತರೂ ಆಶ್ಚರ್ಯವಿಲ್ಲ. ಡಿಡಿಆರ್4 ಕೈಯಲ್ಲಿರುವವರು ಅದನ್ನು ಎಕ್ಸ್‌ಚೇಂಜಿಗೆ ಕೊಡದೆ, ಅದೇ ಬೋರ್ಡಿನಲ್ಲಿ ಪ್ರಾಸೆಸರ್ ಮಾತ್ರ ಬದಲಿಸಿ ಎರಡು ವರ್ಷ ದೂಡುವುದು ವಾಸಿ. ಹೊಸದು ಕಟ್ಟಿಸದೆ ವಿಧಿಯಿಲ್ಲದವರು, ಗೇಮ್‌ನ ಗೋಜಿಲ್ಲದಿದ್ದರೆ, ಚಾನೆಲ್ಲಿನ ನಿಯಮವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು 16 ಜಿಬಿಯ ಒಂದೇ ಸ್ಟಿಕ್ ಹಾಕಿಸಲಿ. ಬೆಲೆ ಇಳಿದ ದಿನ ಎರಡನೆಯದನ್ನು ಹುಡುಕಲು ಬೇಕಾಗುತ್ತದೆ, ಆ ಸ್ಟಿಕ್ಕಿನ ಪೂರ್ತಿ ಮಾದರಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.